ಒಂದು ಅಂಡು, ಊರೆಲ್ಲ ವೈದ್ಯರು

ಎರಡು ವರ್ಷದ ಮಗುವಿರುವ ಯಾವ ಮನೆಗಾದರೂ ಹೋಗಿ ಅರ್ಧ ಗಂಟೆ ಕೂತು ನೋಡಿ. ಮಾತು ಮಳೆಯಿಂದಲೋ ಚುನಾವಣೆಯಿಂದಲೋ ಶುರುವಾಗುತ್ತದೆ. ಮೊಣಕಾಲು ನೋವು, ತೆಂಗಿನಕಾಯಿ ರೇಟು, ಯಾರದೋ ಮಗಳ ಮದುವೆ ಎಲ್ಲವನ್ನೂ ಹಾಯ್ದು ಬರುತ್ತದೆ. ಕಾಫಿ ಲೋಟ ಕೆಳಗಿಡುವ ಹೊತ್ತಿಗೆ ಮಾತ್ರ, ಮಗು ಬೆಳಿಗ್ಗೆ ಹೋಯಿತೋ ಇಲ್ಲವೋ, ಹೋಗಿದ್ದರೆ ಎಲ್ಲಿ, ಗಟ್ಟಿಯೋ ನೀರೋ ಎಂಬಲ್ಲಿಗೆ ಬಂದು ನಿಂತಿರುತ್ತದೆ. ಬಂದವರು ಮುಖ ಸಿಂಡರಿಸುತ್ತಾರೆಯೆ? ಇಲ್ಲ. ನಿವೃತ್ತ ಇಂಜಿನಿಯರುಗಳು, ಮಡಿ ಹೆಂಗಸರು, ಸಾಹಿತ್ಯದ ಮೇಷ್ಟ್ರುಗಳು ಎಲ್ಲರೂ ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆಳೆದುಕೊಳ್ಳುತ್ತಾರೆ. ಇದನ್ನು ಓದುತ್ತಿರುವ ನೀವು ತಟ್ಟೆ ಮುಂದೆ ಕೂತಿದ್ದರೆ ಮೊದಲು ಊಟ ಮುಗಿಸಿ ಬನ್ನಿ. ನನಗೇನೂ ಅವಸರವಿಲ್ಲ, ರಿಟೈರಾದವನು.

ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದವನು ನಾನು. ಈಗ ಮೈಸೂರಿನ ನಮ್ಮ ಮನೆಯ ಜಗಲಿಯೇ ನನ್ನ ಕ್ಲಾಸು, ಯಾರು ಸಿಕ್ಕರೆ ಅವರು ವಿದ್ಯಾರ್ಥಿಗಳು. ಮಗ ಸೊಸೆ ಬೆಂಗಳೂರಿನಲ್ಲಿದ್ದಾರೆ. ಅವರ ಮಗ ಪುಟ್ಟನಿಗೆ ಅಲ್ಲಿಯ ಒಂದು ಪ್ಲೇಸ್ಕೂಲಿನಲ್ಲಿ ಜೂನ್‌ಗೆ ಸೀಟು ಸಿಕ್ಕಿತು, ಒಂದು ಷರತ್ತಿನ ಮೇಲೆ: ಮಗು ಡೈಪರ್ ಬಿಟ್ಟಿರಬೇಕು. ನಮ್ಮ ಕಾಲದಲ್ಲಿ ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿದರೆ ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳುತ್ತಿದ್ದರು. ಈಗ ಅರ್ಹತಾ ಪರೀಕ್ಷೆ ಕಿವಿಯಿಂದ ಬಹಳ ಕೆಳಕ್ಕಿಳಿದಿದೆ. ಕಾಲ ಬದಲಾಗಿದೆ ಅನ್ನುವುದು ಇದಕ್ಕೇ ಇರಬೇಕು.

ಸರಿ, ಮೇ ತಿಂಗಳು ರಜೆ ಹಾಕಿ ಸೊಸೆ ಪುಟ್ಟನನ್ನು ಕರೆದುಕೊಂಡು ಬಂದಳು. ಜೊತೆಗೆ ಒಂದು ನೀಲಿ ಪ್ಲಾಸ್ಟಿಕ್ ಪಾಟಿ. ಅದಕ್ಕೆ ಆನೆಯ ಮುಖ, ಹಿಡಿದುಕೊಳ್ಳಲು ಎರಡು ಕಿವಿ. ಒಳಗೆ ಒದ್ದೆಯಾದರೆ ಸಂಗೀತ ಬರುತ್ತದೆ. ಹೌದು, ನೀವು ಸರಿಯಾಗಿಯೇ ಓದಿದಿರಿ. ಮಗು ತನ್ನ ಕರ್ತವ್ಯ ಮಾಡಿದರೆ ಅಭಿನಂದನೆಯ ಟ್ಯೂನು. ಈ ಬ್ಯಾಟರಿ ಶೆಲ್ಲಿನ ಚಮತ್ಕಾರದ ಗುಟ್ಟು ಪುಟ್ಟನಿಗೆ ಮೊದಲ ದಿನವೇ ಗೊತ್ತಾಗಿಬಿಟ್ಟಿತು. ಅವನು ಕುಡಿಯಲು ಕೊಟ್ಟ ನೀರಿನ ಲೋಟವನ್ನು ತೆಗೆದುಕೊಂಡು ಹೋಗಿ ಆನೆಯ ಹೊಟ್ಟೆಗೆ ಸುರಿದು, ಹಾಡು ಕೇಳಿ, ಚಪ್ಪಾಳೆ ತಟ್ಟಿ, ಸೋಫಾದ ಹಿಂದೆ ಹೋಗಿ ನಿಂತು ತನ್ನ ಕೆಲಸ ಮುಗಿಸಿದ. ಬುದ್ಧಿ ಅಂದರೆ ಅದು. ನಮ್ಮ ಮನೆತನದ್ದು.

ಆದರೆ ನಾನು ಹೇಳಹೊರಟದ್ದು ಹಾಡಿನ ವಿಷಯವಲ್ಲ, ದದ್ದಿನ ವಿಷಯ. ಅದಕ್ಕೆ ಬರುವ ಮೊದಲು ಅವರು ಬಂದ ರಸ್ತೆಯ ಬಗ್ಗೆ ಎರಡು ಮಾತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ರಸ್ತೆ ನಿಮಗೆ ಗೊತ್ತೇ ಇದೆ, 118 ಕಿಲೋಮೀಟರ್. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ತಳ್ಳಿ ಕಾರು ನೆಟ್ಟಗೆ ಬಂದುಬಿಡುತ್ತದೆ. ಬಹಳ ಸಂತೋಷ. ಆದರೆ ಈಗತಾನೆ ಚಡ್ಡಿ ಕಲಿಯುತ್ತಿರುವ ಮಗು ಮಧ್ಯದಲ್ಲಿ “ಅಮ್ಮಾ, ಸುಸ್ಸೂ” ಅಂದರೆ ಎಲ್ಲಿ ನಿಲ್ಲಿಸುತ್ತೀರಿ? ಎರಡೂ ಕಡೆ ತಡೆಗೋಡೆ, ಹಿಂದೆ ಹಾರ್ನು. ಹಳೇ ರಸ್ತೆಯಲ್ಲಿ ಆ ಚಿಂತೆಯೇ ಇರಲಿಲ್ಲ. ಮದ್ದೂರಿನಲ್ಲಿ ದೊಡ್ಡವರಿಗೆ ವಡೆ, ಚಿಕ್ಕವರಿಗೆ ಹುಣಸೆಮರ. ದೊಡ್ಡಮಳೂರಿನಲ್ಲಿ ಇಳಿದು ಅಪ್ರಮೇಯಸ್ವಾಮಿ ಗುಡಿಯಲ್ಲಿ ಅಂಬೆಗಾಲು ಕೃಷ್ಣನಿಗೆ ಕೈಮುಗಿದು ಬರಬಹುದಿತ್ತು. ಮಕ್ಕಳಿಲ್ಲದವರು ಹರಕೆ ಹೊತ್ತು, ಮಕ್ಕಳಾದ ಮೇಲೆ ಪುಟ್ಟ ತೊಟ್ಟಿಲು ಒಪ್ಪಿಸುವ ಗುಡಿ ಅದು. ಒಪ್ಪಿಸಿ ಮನೆಗೆ ಹೋದ ಮೇಲೆ ನಿಜವಾದ ಪರೀಕ್ಷೆ ಶುರುವಾಗುತ್ತದೆ ಎಂದು ಅಲ್ಲಿ ಯಾರೂ ಅವರಿಗೆ ಹೇಳುವುದಿಲ್ಲ, ಅಷ್ಟೆ.

ಹೀಗಾಗಿ ಸೊಸೆ ದಾರಿಗೆಂದು ಡೈಪರ್ ಹಾಕಿಯೇ ಕರೆತಂದಳು. ಮೇ ತಿಂಗಳ ಬಿಸಿಲು, ಕಾರಿನ ಮಕ್ಕಳ ಸೀಟಿನ ಬೆಲ್ಟು, ಹಿಂದಿನ ದಿನ ತಿಂದ ಮಾವಿನಹಣ್ಣಿನ ಪ್ರಭಾವದಿಂದ ಹೊಟ್ಟೆ ಸ್ವಲ್ಪ ಸಡಿಲ. ಮನೆಗೆ ಬಂದು ಬಿಚ್ಚಿ ನೋಡಿದರೆ ಅಂಡು ಕೆಂಪಗೆ. ಸುಮ್ಮನೆ ಕೆಂಪಲ್ಲ, ಮಿರಿಮಿರಿ ಮಿಂಚುವ ಕೆಂಪು, ಮುಟ್ಟಿದರೆ ಬಿಸಿ, ಅಲ್ಲಲ್ಲಿ ಸಣ್ಣ ಗುಳ್ಳೆ. ನೀರು ತಾಕಿದ ಕೂಡಲೇ ಪುಟ್ಟ ಕಿರುಚಿದ್ದು ನಾಲ್ಕು ಮನೆಯಾಚೆಗೆ ಕೇಳಿಸಿತು. ಕೇಳಿಸಿತಲ್ಲ, ಶುರುವಾಯಿತು ನೋಡಿ ವೈದ್ಯ ಸಮ್ಮೇಳನ.

ಮೊದಲು ನನ್ನಾಕೆ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಹಿಡಿದು ಬಂದಳು. ಅವಳ ಪ್ರಕಾರ ತಲೆ ಕೂದಲಿನಿಂದ ಬಾಗಿಲ ಕೀಲಿನವರೆಗೆ ಕೊಬ್ಬರಿ ಎಣ್ಣೆಗೆ ಬಗ್ಗದ ಸಮಸ್ಯೆ ಜಗತ್ತಿನಲ್ಲಿ ಇಲ್ಲ. ತೀರ್ಥಹಳ್ಳಿಯಿಂದ ಅವಳ ಅಕ್ಕ ಫೋನಿನಲ್ಲೇ ಅರಿಶಿನ ಅರೆಸಿದರು. ಎದುರುಮನೆ ಅಜ್ಜಿ ಪೌಡರ್ ಡಬ್ಬಿ ತಂದು, “ಬೆವರುಸಾಲೆ ಕಣಮ್ಮ, ಚೆನ್ನಾಗಿ ಬಳಿ” ಅಂದರು. ಮಹಡಿ ಮೇಲಿನ ಬಾಡಿಗೆಯವರು ಬೇವಿನ ಸೊಪ್ಪು ಕುದಿಸಿ ತಣಿಸಿದ ನೀರಿನ ಪರ. ನನ್ನ ಭಾವಮೈದ ಮಾತ್ರ ಮಾತಾಡಲಿಲ್ಲ. ಸ್ಕೂಟರ್ ಹತ್ತಿ ಹೋಗಿ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬು ತಂದ. ತನ್ನ ತೊಡೆಸಂದಿನ ತುರಿಕೆಗೆ ಅದೇ ರಾಮಬಾಣವಾಗಿತ್ತಂತೆ. “ಒಂದೇ ರಾತ್ರಿ ಭಾವ, ಮಾರನೇ ದಿನ ಏನೂ ಇಲ್ಲ.”

ನಾನೋ, ಕೆಮಿಸ್ಟ್ರಿ ಮೇಷ್ಟ್ರು. ಅಮೋನಿಯಾ ಅಂದೆ. ಮೂತ್ರದಲ್ಲಿ ಯೂರಿಯಾ, ಅದನ್ನು ಬ್ಯಾಕ್ಟೀರಿಯಾ ಒಡೆದರೆ ಅಮೋನಿಯಾ, ಅಮೋನಿಯಾ ಚರ್ಮ ಸುಡುತ್ತದೆ, ಮುಗಿಯಿತು. 1921ರಲ್ಲೇ ಅಮೆರಿಕದಲ್ಲಿ ಕುಕ್ ಎಂಬ ವೈದ್ಯ ಈ ಕೆಂಪಿಗೆ ಅಮೋನಿಯಾ ಕಾರಣವೆಂದು ಬರೆದಿದ್ದ. ಅಲ್ಲಿಂದ ಎಷ್ಟೋ ದಶಕ ಜಗತ್ತು ಅದನ್ನೇ ನಂಬಿತ್ತು. ನಾನೂ ಜಗತ್ತಿನ ಜೊತೆಗಿದ್ದೆ.

ಕೊನೆಗೆ ಸೊಸೆ, “ಅತ್ತೆ, ಮಾವ, ಎಲ್ಲಾರೂ ಒಂದ್ ನಿಮಿಷ ಸುಮ್ನಿರ್ತೀರಾ? ಡಾಕ್ಟ್ರಿಗೆ ತೋರಿಸ್ಕೊಂಡ್ ಬರ್ತೀನಿ” ಅಂದಳು. ನಾನೂ ಜೊತೆಗೆ ಹೋದೆ. ಕರೆಯಲಿಲ್ಲ, ಹೋದೆ.

ಮಕ್ಕಳ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯಲ್ಲಿ ದೊಡ್ಡವರು. ಅಮೋನಿಯಾದ ಮಾತು ಕೇಳಿ ಅವರು ನಗಲಿಲ್ಲ. ಚೀಟಿಯ ಹಿಂಬದಿಗೆ ಒಂದು ಚಿತ್ರ ಬರೆದು ವಿವರಿಸಿದರು. 1980ರ ದಶಕದಲ್ಲಿ ನಡೆದ ಸಂಶೋಧನೆ ಈ ಕಥೆಯನ್ನು ತಿದ್ದಿತಂತೆ. ಮೂತ್ರವೊಂದೇ ಇದ್ದರೆ ಅಷ್ಟು ಹಾನಿಯಿಲ್ಲ, ಮಲವೊಂದೇ ಇದ್ದರೂ ತಡೆದುಕೊಳ್ಳಬಹುದು; ಎರಡೂ ಕೂಡಿದಾಗ ಫಜೀತಿ. ಆರೋಗ್ಯವಂತ ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ ಐದೂವರೆಯ ಆಸುಪಾಸು. ಮೂತ್ರದಿಂದ ಹುಟ್ಟಿದ ಅಮೋನಿಯಾ ಅದನ್ನು ಮೇಲಕ್ಕೇರಿಸುತ್ತದೆ. ಆಗ ಮಲದಲ್ಲಿರುವ ಜೀರ್ಣರಸದ ಕಿಣ್ವಗಳು, ಅಂದರೆ ಪ್ರೋಟೀನನ್ನೂ ಕೊಬ್ಬನ್ನೂ ಕರಗಿಸುವಂಥವು, ಚುರುಕಾಗುತ್ತವೆ. ಹೊಟ್ಟೆಯೊಳಗೆ ಬೇಳೆ ತುಪ್ಪ ಕರಗಿಸಿದವು ಹೊರಗೆ ಚರ್ಮವನ್ನೇ ಕರಗಿಸಲು ಕೂರುತ್ತವೆ. ಹೊಟ್ಟೆ ಸಡಿಲವಾದರೆ ಕಿಣ್ವಗಳು ಇನ್ನೂ ಜಾಸ್ತಿ. ಇದರ ಮೇಲೆ ತೇವ, ಉಜ್ಜಾಟ, ಸೆಖೆ. ಅಮೋನಿಯಾ ನೇರ ಅಪರಾಧಿಯಲ್ಲ, ಕಳ್ಳರಿಗೆ ಬಾಗಿಲು ತೆಗೆದುಕೊಟ್ಟವನು. ಅರ್ಧ ಅಂಕವಾದರೂ ನನಗೆ ಸಿಗಬೇಕಲ್ಲವೆ? ನಾನಾಗಿದ್ದರೆ ಹುಡುಗರಿಗೆ ಕೊಡುತ್ತಿದ್ದೆ.

ಆಮೇಲೆ ಅವರು ಸೊಸೆಗೆ ಹೇಳಿದ್ದು ನಾನೂ ಕೇಳಿಸಿಕೊಂಡೆ. ಈ ಮಾಮೂಲಿ ದದ್ದು ಬಟ್ಟೆ ಒತ್ತುವ ಉಬ್ಬುಗಳ ಮೇಲೆ ಬರುತ್ತದೆ, ತೊಡೆಸಂದಿನ ಮಡಿಕೆಗಳನ್ನು ಸಾಮಾನ್ಯವಾಗಿ ಬಿಡುತ್ತದೆ. ಮಡಿಕೆಯ ಒಳಗೇ ಕಡುಗೆಂಪಾಗಿದ್ದು, ಅಂಚಿನಾಚೆ ಬಿಡಿಬಿಡಿ ಚುಕ್ಕಿಗಳೆದ್ದಿದ್ದರೆ ಅದು ಕ್ಯಾಂಡಿಡಾ ಎಂಬ ಶಿಲೀಂಧ್ರ. ಆಂಟಿಬಯೋಟಿಕ್ ಕುಡಿಸಿದ ಮೇಲೆ ಬರುವುದು ಹೆಚ್ಚು, ಅದಕ್ಕೆ ಬೇರೆಯದೇ ಮುಲಾಮು. ಎರಡು ಮೂರು ದಿನದಲ್ಲಿ ಇಳಿಯದಿದ್ದರೆ, ಕೀವು, ನೀರುಗುಳ್ಳೆ, ಜ್ವರ ಬಂದರೆ ಮತ್ತೆ ತೋರಿಸಬೇಕು. ಈಗ ಮಾಡಬೇಕಾದ್ದು: ಒದ್ದೆಯಾದ ಕೂಡಲೇ ಬದಲಿಸುವುದು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯುವುದು, ಉಜ್ಜದೆ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸುವುದು, ಗಾಳಿಗೆ ಬಿಡುವುದು, ಆಮೇಲೆ ಜಿಂಕ್ ಆಕ್ಸೈಡ್ ಕ್ರೀಮನ್ನು ಧಾರಾಳವಾಗಿ ಹಚ್ಚುವುದು. ಕೊಬ್ಬರಿ ಎಣ್ಣೆಗೆ ಅವರ ಅಭ್ಯಂತರವಿರಲಿಲ್ಲ (ಮನೆಗೆ ಬಂದು ಇದನ್ನು ನಾನು ಹೇಳಬಾರದಿತ್ತು; ಇವತ್ತಿಗೂ ಕೇಳುತ್ತಿದ್ದೇನೆ). ಪೌಡರ್ ಬೇಡ, ಹಾರಿದ ಪುಡಿ ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ಕೆಂಪಾದ ಚರ್ಮಕ್ಕೆ ಅರಿಶಿನ, ಸೋಪು, ಸೆಂಟಿನ ವೈಪ್ಸು ಯಾವುದೂ ಬೇಡ.

ಭಾವಮೈದನ ಟ್ಯೂಬನ್ನು ತೋರಿಸಿದಾಗ ಮಾತ್ರ ಅವರ ತಾಳ್ಮೆ ಸ್ವಲ್ಪ ಅಲುಗಾಡಿತು. ಸ್ಟಿರಾಯ್ಡು, ಶಿಲೀಂಧ್ರದ ಔಷಧ, ಆಂಟಿಬಯೋಟಿಕ್ ಮೂರನ್ನೂ ಕಲಸಿದ ಮುಲಾಮು ಅದು. ನಮ್ಮ ದೇಶದ ಚರ್ಮವೈದ್ಯರು ಈ ಕಲಸುಮೇಲೋಗರದ ವಿರುದ್ಧ ಎಷ್ಟೋ ವರ್ಷದಿಂದ ಗಂಟಲು ಹರಿದುಕೊಳ್ಳುತ್ತಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದು ಅಂದಿತು. ಹಚ್ಚಿದರೆ ಕೆಂಪೇನೋ ರಾತ್ರೋರಾತ್ರಿ ಇಳಿಯುತ್ತದೆ, ಭಾವಮೈದ ಸುಳ್ಳು ಹೇಳಿಲ್ಲ. ಆದರೆ ಎಳೆಯ ಚರ್ಮ ತೆಳ್ಳಗಾಗುತ್ತದೆ, ಡೈಪರಿನೊಳಗೆ ಮುಚ್ಚಿಟ್ಟ ಜಾಗವಾದ್ದರಿಂದ ಔಷಧ ಇನ್ನೂ ಹೆಚ್ಚು ಮೈಗೆ ಇಳಿಯುತ್ತದೆ. “ಆ ಮಾವಂಗೆ ಹೇಳಿ, ಅವರ ತುರಿಕೇನೂ ಒಂದ್ಸಲ ಚರ್ಮದ ಡಾಕ್ಟ್ರಿಗೆ ತೋರಿಸ್ಲಿ” ಅಂದರು. ಹೇಳಿದೆ. ಭಾವಮೈದ ಆ ವಾರವೆಲ್ಲ ನಮ್ಮ ಮನೆಗೆ ಬರಲಿಲ್ಲ.

ಜಿಂಕ್ ಅಂದರೆ ಸತು. ಇಲ್ಲಿ ನನಗೊಂದು ಅವಕಾಶ ಸಿಕ್ಕಿತು, ಬಿಡುತ್ತೇನೆಯೆ? ಸತುವನ್ನು ಅದಿರಿನಿಂದ ಬೇರ್ಪಡಿಸುವುದು ಸುಲಭದ ಕೆಲಸವಲ್ಲ. ಕಾಯಿಸಿದರೆ ಲೋಹ ಕರಗಿ ಇಳಿಯುವ ಬದಲು ಆವಿಯಾಗಿ ಹಾರಿಹೋಗುತ್ತದೆ. ರಾಜಸ್ಥಾನದಲ್ಲಿ ಉದಯಪುರದ ಹತ್ತಿರ ಜಾವರ್ ಎಂಬ ಊರಿದೆ. ಅಲ್ಲಿಯವರು ಮಣ್ಣಿನ ಮೂಸೆಗಳನ್ನು ತಲೆಕೆಳಗಾಗಿ ಜೋಡಿಸಿ, ಆ ಆವಿಯನ್ನು ಕೆಳಮುಖವಾಗಿ ಇಳಿಸಿ ತಣಿಸಿ ಲೋಹ ಹಿಡಿಯುತ್ತಿದ್ದರು. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ವಿಲಿಯಂ ಚಾಂಪಿಯನ್ 1738ರಲ್ಲಿ ಸತುವಿಗೆ ಪೇಟೆಂಟ್ ಪಡೆಯುವುದಕ್ಕೆ ಶತಮಾನಗಳ ಮೊದಲಿನ ಮಾತು ಇದು. ಒಡೆದ ಮೂಸೆಗಳ ರಾಶಿಗಳು ಅಲ್ಲಿ ಇನ್ನೂ ಬಿದ್ದಿವೆ. ಅದೇ ಸತು ಗಾಳಿಯಲ್ಲಿ ಉರಿದರೆ ಸಿಗುವ ಬಿಳಿಯ ಪುಡಿ ಈ ಜಿಂಕ್ ಆಕ್ಸೈಡು. ಚರ್ಮವನ್ನು ಗುಣಪಡಿಸುವುದು ಅದರ ಮುಖ್ಯ ಕೆಲಸವಲ್ಲ. ಕ್ರೀಮಿನಲ್ಲಿ ಸೇರಿ ತೇವಕ್ಕೂ ಚರ್ಮಕ್ಕೂ ನಡುವೆ ಗೋಡೆ ಕಟ್ಟಿ ಕೂರುತ್ತದೆ, ಗುಣವಾಗುವ ಕೆಲಸ ಚರ್ಮದ್ದೇ. ಆದ್ದರಿಂದ ಪ್ರತಿಸಲವೂ ಅದನ್ನು ಪೂರ್ತಿ ಕೆರೆದು ತೆಗೆಯಬಾರದು. ಮೇಲಿನ ಕೊಳೆಯಾದ ಪದರ ಮಾತ್ರ ಒರೆಸಿ, ಮತ್ತೆ ಮೇಲೆ ಹಚ್ಚಿದರಾಯಿತು.

ಇಷ್ಟನ್ನೂ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ವಿವರಿಸುತ್ತಿದ್ದಾಗ ಪುಟ್ಟ ಟ್ಯೂಬಿನ ಮುಚ್ಚಳ ತೆಗೆದು, ಟೀವಿ ರಿಮೋಟಿಗೆ, ನನ್ನ ಕನ್ನಡಕಕ್ಕೆ, ಆನೆಯ ಎರಡೂ ಕಿವಿಗಳಿಗೆ ಧಾರಾಳವಾಗಿ ಹಚ್ಚಿದ್ದ. ಡಾಕ್ಟರು ಧಾರಾಳ ಅಂದದ್ದನ್ನು ನಮ್ಮ ಮನೆಯಲ್ಲಿ ಅಕ್ಷರಶಃ ಪಾಲಿಸಿದವನು ಅವನೊಬ್ಬನೇ. ಈ ಕ್ರೀಮು ನೀರಿಗೆ ಹೋಗುವುದಿಲ್ಲ, ನೀರನ್ನು ತಡೆಯುವುದೇ ಅದರ ಧರ್ಮವಲ್ಲವೆ? ಕನ್ನಡಕದ ಗಾಜಿನ ಮೇಲೆ ಇವತ್ತಿಗೂ ಒಂದು ಮಂಜಿದೆ. ಜಗತ್ತು ಸ್ವಲ್ಪ ಮಸುಕಾಗಿ ಕಾಣುತ್ತದೆ, ಈ ವಯಸ್ಸಿಗೆ ಅಷ್ಟು ಕಂಡರೆ ಸಾಕು.

ಇನ್ನು ಡೈಪರಿನ ತಪ್ಪೆಷ್ಟು ಎಂಬ ವಾದ. ನನ್ನಾಕೆ ಅದರ ಕಡುವೈರಿ. “ಹಳೇ ಸೀರೆ ಹರಿದು ಲಂಗೋಟಿ ಮಾಡಿ, ಉಡಿದಾರಕ್ಕೆ ಸಿಕ್ಕಿಸಿ ಬೆಳೆಸಿದೆವು. ಯಾವ ಮಗೂಗೆ ಏನಾಗಿತ್ತು?” ಅನ್ನುತ್ತಾಳೆ. ಏನೂ ಆಗಿರಲಿಲ್ಲವೆ? ಒದ್ದೆ ಬಟ್ಟೆಯಲ್ಲಿ ರಾತ್ರಿಯೆಲ್ಲ ಮಲಗಿದ ಮಕ್ಕಳಿಗೆ ಆಗಲೂ ಕೆಂಪಾಗುತ್ತಿತ್ತು, ಆಗಲೂ ಅಳುತ್ತಿದ್ದವು. ಮಳೆಗಾಲದಲ್ಲಿ ಬಟ್ಟೆ ಒಣಗದೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹರವಿ, ಹೊಗೆಯ ವಾಸನೆಯ ಲಂಗೋಟಿ ಉಡಿಸುತ್ತಿದ್ದುದೂ ನೆನಪಿದೆ. ವ್ಯತ್ಯಾಸವೇನೆಂದರೆ, ಒದ್ದೆಯಾದ ತಕ್ಷಣ ಮಗುವಿಗೂ ಗೊತ್ತಾಗುತ್ತಿತ್ತು, ಎತ್ತಿಕೊಂಡವರಿಗೂ ಗೊತ್ತಾಗುತ್ತಿತ್ತು. ಡೈಪರಿನಲ್ಲಿ ಇಬ್ಬರಿಗೂ ಗೊತ್ತಾಗುವುದಿಲ್ಲ.

ಅದೇಕೆ ಗೊತ್ತಾಗುವುದಿಲ್ಲ ಎಂದು ತೋರಿಸಲೆಂದೇ ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಹೊಸ ಡೈಪರೊಂದನ್ನು ಕತ್ತರಿಯಿಂದ ಸೀಳಿ, ಹತ್ತಿಯೊಳಗಿನ ಬಿಳಿ ಹರಳುಗಳನ್ನು ಸ್ಟೀಲ್ ಬಟ್ಟಲಿಗೆ ಕೊಡವಿ, ಲೋಟ ನೀರು ಹೊಯ್ದೆ. ಕಣ್ಣೆದುರೇ ಹರಳು ಉಬ್ಬಿತು, ಪಾರದರ್ಶಕವಾಯಿತು, ಸಬ್ಬಕ್ಕಿ ಪಾಯಸದ ಹಾಗೆ ಗಟ್ಟಿಯಾಗಿ ಕೂತಿತು. ಬಟ್ಟಲು ಬೋರಲು ಹಾಕಿದರೂ ಹನಿ ಬೀಳಲಿಲ್ಲ. ಸೋಡಿಯಂ ಪಾಲಿಅಕ್ರಿಲೇಟ್! ತನ್ನ ತೂಕದ ನೂರಾರು ಪಟ್ಟು ಶುದ್ಧ ನೀರು ಹೀರುವ ಪಾಲಿಮರ್. ಉಪ್ಪಿರುವ ಮೂತ್ರವನ್ನು ಅಷ್ಟಲ್ಲದಿದ್ದರೂ ಸಾಕಷ್ಟು ಹೀರುತ್ತದೆ. 1980ರ ದಶಕದಲ್ಲಿ ಇದು ಡೈಪರಿನೊಳಗೆ ಬಂದ ಮೇಲೆ ದದ್ದು ಕಡಿಮೆಯಾಯಿತೇ ಹೊರತು ಜಾಸ್ತಿಯಾಗಲಿಲ್ಲ ಎನ್ನುವುದನ್ನು ಒಪ್ಪಲೇಬೇಕು. ತೊಂದರೆ ಇರುವುದು ನಮ್ಮಲ್ಲಿ. ಒಣಗಿರುವಂತೆ ಕಾಣುತ್ತದಲ್ಲ ಎಂದು ಬಿಚ್ಚುವುದನ್ನೇ ಮರೆಯುತ್ತೇವೆ. ಮೂತ್ರವನ್ನು ಹರಳು ಹೀರಿಕೊಳ್ಳುತ್ತದೆ, ಮಲವನ್ನು ಯಾವ ಹರಳೂ ಹೀರುವುದಿಲ್ಲ. ನನ್ನಾಕೆ ಎದ್ದು ಬಂದು ಬಟ್ಟಲು ನೋಡಿ, “ಇದರಲ್ಲಿ ನಾಳೆ ಮೊಸರು ಹೆಪ್ಪು ಹಾಕ್ಬೇಕಿತ್ತು ಕಣ್ರೀ” ಅಂದಳು. ವಿಜ್ಞಾನಕ್ಕೆ ಈ ಮನೆಯಲ್ಲಿ ಮರ್ಯಾದೆ ಅಷ್ಟೇ.

ಮಗುವಿಗೆ ಯಾವಾಗ ಕಲಿಸಬೇಕು ಎಂಬುದರ ಮೇಲೂ ಜಗತ್ತಿನಲ್ಲಿ ಕಡಿಮೆ ಜಗಳವಾಗಿಲ್ಲ. ಬ್ರೇಜಲ್ಟನ್ ಎಂಬ ಅಮೆರಿಕದ ಮಕ್ಕಳ ವೈದ್ಯ ಹತ್ತು ವರ್ಷ ಕೂತು 1,170 ಮಕ್ಕಳ ದಾಖಲೆ ನೋಡಿ 1962ರಲ್ಲಿ ಬರೆದದ್ದು: ಮಗು ತಾನಾಗಿ ಸಿದ್ಧವಾಗುವವರೆಗೆ ಕಾಯಿರಿ, ಒತ್ತಾಯ ಬೇಡ. 1974ರಲ್ಲಿ ಆಜ್ರಿನ್ ಮತ್ತು ಫಾಕ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು, ಒಂದು ದಿನ ತುಂಬುವುದರೊಳಗೆ ಕಲಿಸಬಹುದು ಎಂದು ಪುಸ್ತಕ ಬರೆದರು. ಮಗುವಿಗೆ ಹೊಟ್ಟೆತುಂಬ ಪಾನಕ ಕುಡಿಸಬೇಕಂತೆ, ಉಚ್ಚೆ ಹೊಯ್ಯುವ ಗೊಂಬೆಯೊಂದನ್ನು ಪಾಟಿಯ ಮೇಲೆ ಕೂರಿಸಿ ತೋರಿಸಬೇಕಂತೆ. ಕಾಯಿರಿ ಅಂದವರೂ ಗೆದ್ದರು, ಕಾಯಬೇಡಿ ಅಂದವರ ಪುಸ್ತಕವೂ ಸಿಕ್ಕಾಪಟ್ಟೆ ಖರ್ಚಾಯಿತು. ಅದಕ್ಕೇ ಅಮೆರಿಕ ಶ್ರೀಮಂತ ದೇಶ. 1977ರಲ್ಲಿ ಡಿ ವ್ರೀಸ್ ದಂಪತಿಗಳು ಪೂರ್ವ ಆಫ್ರಿಕಾದ ಡೀಗೋ ಜನರ ಬಗ್ಗೆ ಬರೆದದ್ದು ಇನ್ನೊಂದು. ಅಲ್ಲಿ ತಾಯಿ ಕಾಲು ಚಾಚಿ ಕೂತು, ವಾರಗಳಷ್ಟೇ ವಯಸ್ಸಿನ ಕೂಸನ್ನು ಕಾಲುಗಳ ನಡುವೆ ಹಿಡಿದು “ಶೂಸ್” ಎಂದು ಸದ್ದು ಮಾಡುತ್ತಾಳೆ. ಐದಾರು ತಿಂಗಳಿಗೆಲ್ಲ ಮಗು ಆ ಸದ್ದಿಗೆ ಒಗ್ಗಿರುತ್ತದೆ. ಇದನ್ನು ಓದಿ ಹೇಳಿದಾಗ ನನ್ನಾಕೆ ಕೇಳಿದ ಪ್ರಶ್ನೆ: “ಇದಕ್ಕೆ ಆಫ್ರಿಕಾಕ್ಕೆ ಯಾಕ್ರೀ ಹೋದ್ರು? ನಮ್ಮಮ್ಮ ಬಚ್ಚಲಲ್ಲಿ ಎರಡು ಪಾದದ ಮೇಲೆ ಮಗೂನ ಕೂರಿಸ್ಕೊಂಡು ಸ್ಸ್ ಸ್ಸ್ ಅಂತಿರ್ಲಿಲ್ವಾ?” ಅನ್ನುತ್ತಿದ್ದರು, ನಿಜ. ಆದರೆ ಅತ್ತೆಯವರು ಅದನ್ನು ಲೇಖನ ಮಾಡಿ ಕಳಿಸಲಿಲ್ಲವಲ್ಲ.

ದದ್ದಿಗೂ ಈ ಕಲಿಕೆಗೂ ಎಂಥ ನಂಟು ಎನ್ನುವುದು ನನಗೆ ತಿಳಿದದ್ದು ಪುಟ್ಟನ ಮುಖ ನೋಡಿ. ಉರಿಯುವ ಚರ್ಮಕ್ಕೆ ಮೂತ್ರ ತಾಕಿದರೆ ಚುರ್ ಅನ್ನುತ್ತದೆ. ಮಗು ಏನು ಅಂದುಕೊಳ್ಳುತ್ತದೆ? ಪಾಟಿಯ ಮೇಲೆ ಕೂತರೆ ಉರಿಯುತ್ತದೆ, ಆದ್ದರಿಂದ ಪಾಟಿಯೇ ಕೆಟ್ಟದ್ದು. ಆನೆಯನ್ನು ಕಂಡರೆ ಓಡುತ್ತಿದ್ದ. ಓಡಿ ಬಾಗಿಲ ಸಂದಿಯಲ್ಲಿ ಕಾಲು ಹೆಣೆದುಕೊಂಡು, ತುಟಿ ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು ತಡೆಹಿಡಿಯುತ್ತಿದ್ದ. ಹಾಗೆ ತಡೆದರೆ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಹೊರಬರುವಾಗ ಇನ್ನೂ ನೋವು, ನೋವಾದ್ದರಿಂದ ಇನ್ನೂ ತಡೆ. ಈ ಚಕ್ರಕ್ಕೆ ಸಿಕ್ಕಿದ ಮಗುವಿಗೆ ಗದರಿ ಪ್ರಯೋಜನವೇನು? ಡಾಕ್ಟರು ಹೇಳಿದ್ದರು, ಮೊದಲು ಚರ್ಮ ವಾಸಿಯಾಗಲಿ, ಆನೆಯನ್ನು ಒಂದು ವಾರ ಅಟ್ಟಕ್ಕೆ ಹಾಕಿ. ಚರ್ಮ ವಾಸಿಯಾದ ಮೇಲೂ ಮಗು ಹೀಗೆ ತಡೆಯುತ್ತಿದ್ದು, ಗುದದ ಸುತ್ತ ಅಂಚು ಸ್ಪಷ್ಟವಾಗಿರುವ ಕಡುಗೆಂಪು ಉಳಿದಿದ್ದರೆ ಅದು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇರಬಹುದು, ಯಾವ ಕ್ರೀಮಿಗೂ ಜಗ್ಗುವುದಿಲ್ಲ, ಆಂಟಿಬಯೋಟಿಕ್ಕೇ ಬೇಕು. ರಾತ್ರಿ ಹೊತ್ತು ಮಾತ್ರ ಕೆರೆದುಕೊಂಡು ಏಳುತ್ತಿದ್ದರೆ ಜಂತುಹುಳದ ಅನುಮಾನ. ಹೆಣ್ಣುಮಕ್ಕಳಾದರೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಮಗು ತಾನೇ ಒರೆಸಿಕೊಳ್ಳಲು ಕಲಿಯುವಾಗ ಮೊದಲ ಪಾಠವೇ ಅದು.

ಗಾಳಿಗೆ ಬಿಡಿ ಅಂದಿದ್ದರಲ್ಲ? ಬಿಟ್ಟೆವು. ಪುಟ್ಟ ಅಂಗಿಯೊಂದನ್ನು ತೊಟ್ಟು, ಕೆಳಗೆ ಉಡಿದಾರ ಮಾತ್ರ ಕಟ್ಟಿಕೊಂಡು ಮನೆಯೆಲ್ಲ ಓಡಾಡಿದ. ಹಾಲಿನ ಜಮಖಾನ ಸುತ್ತಿ ಮೇಲಿಟ್ಟೆವು, ಮೂಲೆಮೂಲೆಗೆ ಒರೆಸುವ ಬಟ್ಟೆ ಇಟ್ಟೆವು. ಎರಡು ಗಂಟೆ ಒಣಗಿದ್ದರೆ ಕಲಿಯಲು ಸಿದ್ಧವಾಗಿದ್ದಾನೆಂದು ಲೆಕ್ಕವಂತೆ, ಗಡಿಯಾರ ನೋಡುವ ಕೆಲಸ ನನಗೆ ಬಿತ್ತು. ನೋಡಲು ಬಂದ ಹೆಂಗಸೊಬ್ಬರು, “ಅಯ್ಯೋ, ಪಾಪ, ಒಂದು ಚಡ್ಡೀನೂ ಹಾಕಿಲ್ವಲ್ರೀ, ಮಗು ಶೀತಕ್ಕೆ ಬೀಳುತ್ತೆ” ಅಂದರು. ಮೈಸೂರಿನಲ್ಲಿ ಮೇ ತಿಂಗಳು! ಅವರ ತಲೆಯ ಮೇಲೆಯೇ ಗೋಡೆಯಲ್ಲಿ ಕ್ಯಾಲೆಂಡರಿನ ಬೆಣ್ಣೆಕೃಷ್ಣ ನೇತಾಡುತ್ತಿದ್ದ. ಅವನ ಮೈಮೇಲೆ ಬಟ್ಟೆಗಿಂತ ಒಡವೆಯೇ ಜಾಸ್ತಿ. ಅವನಿಗೆ ಯಾರಾದರೂ ಶೀತವಾಗುತ್ತದೆ ಅಂದರೆ? ನಾನು ಕೇಳಲಿಲ್ಲ. ಬಂದವರು ನನ್ನಾಕೆಯ ಕಡೆಯ ನೆಂಟರು.

ಹಾಗೆ ಬಿಟ್ಟದ್ದಕ್ಕೆ ಕೆಂಪು ಇಳಿಯಿತು. ಆನೆ ಅಟ್ಟದಿಂದ ಇಳಿಯಿತು. ಸ್ವಲ್ಪ ದಿನಕ್ಕೆ ಹೊಸದೊಂದು ವಿಚಿತ್ರ ಕಂಡಿತು: ತೊಡೆಯ ಹಿಂಭಾಗದಲ್ಲಿ ಮಾತ್ರ, ಪಾಟಿಯ ಅಂಚು ತಾಕುವ ಕಡೆಯೇ, ಒರಟೊರಟಾದ ಅರ್ಧಚಂದ್ರಾಕಾರದ ಕೆಂಪು ಗುರುತು. ಮತ್ತೆ ಸಮ್ಮೇಳನ ಸೇರುವುದರೊಳಗೆ ಸೊಸೆ ಡಾಕ್ಟರಿಗೆ ಫೋಟೋ ಕಳಿಸಿಬಿಟ್ಟಳು. ಟಾಯ್ಲೆಟ್ ಸೀಟಿನಿಂದಲೇ ಬರುವ ದದ್ದು ಇದೆಯಂತೆ! ಹಿಂದೆ ಮರದ ಸೀಟಿನ ವಾರ್ನಿಷಿನಿಂದ ಬರುತ್ತಿತ್ತು, ಈಗ ಪ್ಲಾಸ್ಟಿಕ್ಕಿನಿಂದಲೂ, ತೊಳೆಯಲು ಬಳಸುವ ಕಟು ದ್ರಾವಣಗಳಿಂದಲೂ ಬರುತ್ತದೆ. 2010ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಇಂಥ ಐದು ಮಕ್ಕಳ ವಿವರ ಬಂದಿತ್ತು, ಅಮೆರಿಕದ ಮಕ್ಕಳ ಜೊತೆ ನಮ್ಮ ದೇಶದ ಮಕ್ಕಳೂ ಅದರಲ್ಲಿದ್ದರು. ಕಾರಣ ತಿಳಿಯದೆ ಇಂಥ ದದ್ದು ಕೆಲವರಲ್ಲಿ ವರ್ಷಗಟ್ಟಲೆ ಎಳೆಯುತ್ತದೆ ಎಂಬುದೇ ಆ ಲೇಖನದ ಸಾರ. ಉಪಾಯ ಸುಲಭ: ಸೀಟಿನ ಮೇಲೆ ಬಟ್ಟೆಯ ಹೊದಿಕೆ, ತೊಳೆಯಲು ಬರೀ ಸೋಪಿನ ನೀರು. ನಮ್ಮ ಆನೆಯನ್ನು ಯಾರು ಯಾವುದರಲ್ಲಿ ತೊಳೆಯುತ್ತಿದ್ದರು ಎಂಬ ತನಿಖೆ ಆ ಸಂಜೆ ನಡೆಯಿತು. ಬಚ್ಚಲಿನ ಮೂಲೆಯಲ್ಲಿ ಫಿನಾಯಿಲ್ ಬಾಟಲಿ ಅರ್ಧಕ್ಕಿಳಿದಿತ್ತು. ಮಡಿಯ ಮನೆ ನೋಡಿ, ಅನುಮಾನ ಒಬ್ಬರ ಮೇಲಷ್ಟೇ ಬರಲು ಸಾಧ್ಯ. ಅವರು ಆ ಹೊತ್ತಿಗೆ ಸರಿಯಾಗಿ ದೇವರಮನೆಯಲ್ಲಿ ಗಂಟೆ ಬಾರಿಸುತ್ತಿದ್ದರು.

ಆನೆಗೆ ನನ್ನಾಕೆಯ ಹಳೆಯ ರವಿಕೆ ಕಣದಲ್ಲಿ ಒಂದು ಹೊದಿಕೆ ಹೊಲಿದದ್ದಾಯಿತು. ಶೆಲ್ಲು ಮುಗಿದು ಹಾಡು ನಿಂತಿತು, ಯಾರೂ ಹೊಸದು ಹಾಕಲಿಲ್ಲ. ಹಾಡು ನಿಂತ ಮೇಲೆಯೇ ಪುಟ್ಟ ಅದರ ಮೇಲೆ ನೆಮ್ಮದಿಯಾಗಿ ಕೂರತೊಡಗಿದ್ದು ಎನ್ನುವುದನ್ನು ತಯಾರಕರು ಗಮನಿಸಬೇಕು. ಕೂತರೆ ಬೇಗ ಏಳುವುದಿಲ್ಲ. ಕೈಯಲ್ಲಿ ಪೇಪರ್ ಬೇಕು, ತಲೆಕೆಳಗಾಗಿ ಹಿಡಿದರೂ ಚಿಂತೆಯಿಲ್ಲ. ಈ ಅಭ್ಯಾಸ ಯಾರದು ಎಂದು ಮನೆಯವರೆಲ್ಲ ನನ್ನ ಕಡೆ ನೋಡುತ್ತಾರೆ.

ಈಗ ನೀವು ಕೇಳುತ್ತೀರಿ, ಪೂರ್ತಿ ಕಲಿತನೇ? ಹಗಲು ಕಲಿತಿದ್ದಾನೆ, ಜೂನ್‌ನಲ್ಲಿ ಪ್ಲೇಸ್ಕೂಲಿಗೂ ಹೋದ. ರಾತ್ರಿಯದು ಬೇರೆ ಲೆಕ್ಕ. ಐದು ವರ್ಷದವರೆಗೂ ಹಾಸಿಗೆ ಒದ್ದೆಯಾದರೆ ತಲೆಕೆಡಿಸಿಕೊಳ್ಳಬೇಡಿ, ರಾತ್ರಿ ಮೂತ್ರ ಕಡಿಮೆ ಮಾಡುವ ಹಾರ್ಮೋನು, ತುಂಬಿದ್ದು ತಿಳಿದು ಎಚ್ಚರವಾಗುವುದು, ಇವೆಲ್ಲ ಬಲಿಯಲು ಹೊತ್ತು ಹಿಡಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಹಬ್ಬ ಹರಿದಿನಕ್ಕೆ ಬಂದಾಗ ಅವನು ನನ್ನ ಪಕ್ಕದಲ್ಲೇ ಮಲಗುವುದು. ಪ್ರಾಸ್ಟೇಟ್ ಕೃಪೆಯಿಂದ ನನಗೂ ನಡುರಾತ್ರಿಯಲ್ಲಿ ಏಳುವ ಕೆಲಸ ಇದ್ದೇ ಇರುತ್ತದೆ. ಎದ್ದಾಗ ಅವನನ್ನೂ ಹೆಗಲಿಗೆ ಹಾಕಿಕೊಂಡು ಹೋಗಿ ಇಬ್ಬರದೂ ಮುಗಿಸಿಕೊಂಡು ಬರುತ್ತೇನೆ. ಮೊನ್ನೆ ಬಚ್ಚಲ ದೀಪ ಆರಿಸದೆ ಬಂದೆನೆಂದು ನನ್ನಾಕೆ ಮುಸುಕಿನೊಳಗಿಂದಲೇ ಗೊಣಗಿದಳು: “ಒಬ್ಬನಿಗೆ ಹೊಸದಾಗಿ ಕಲಿಸ್ಬೇಕು, ಇನ್ನೊಬ್ರು ಕಲಿತಿದ್ದನ್ನ ಮರೀದೆ ಇರೋ ಹಾಗೆ ನೋಡ್ಕೋಬೇಕು. ನನ್ನ ಹಣೆಬರಹ!” ಆಮೇಲೆ ಒಂದಿಷ್ಟು ತಡೆದು, “ರೀ, ಅವನಿಗೆ ಎಣ್ಣೆ ಹಚ್ಚಿದ್ರಾ?” ಅಂದಳು.